ಹತ್ತು ಪರ್ಸೆಂಟ್ ಲಿಂಡೆಮನ್

ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಈ ಸಾಲು ನೆನಪಿರಲೇಬೇಕು. ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಹೋಗುವುದು ಹತ್ತು ಪರ್ಸೆಂಟ್ ಶಕ್ತಿ ಮಾತ್ರ. ಹುಲ್ಲಿನಲ್ಲಿ 1000 ಇದ್ದರೆ ಜಿಂಕೆಗೆ 100, ಹುಲಿಗೆ 10. ಇದಕ್ಕೆ "ಲಿಂಡೆಮನ್ನನ ಹತ್ತು ಪರ್ಸೆಂಟ್ ನಿಯಮ" ಅಂತ ಹೆಸರು. ಸಿಇಟಿ ಗೈಡುಗಳಲ್ಲಿ ಒಂದು ಮಾರ್ಕಿನ ಪ್ರಶ್ನೆ. ಬೈಹಾರ್ಟ್ ಮಾಡಿ, ಟಿಕ್ ಹಾಕಿ, ಇಂಜಿನಿಯರಿಂಗ್ ಸೇರಿದ ಮೇಲೆ ಮರೆತುಬಿಡುವ ವಿಷಯ.

ಈ ಲಿಂಡೆಮನ್ ಯಾರು ಅಂತ ನಮಗೆ ಯಾರೂ ಹೇಳಲಿಲ್ಲ. ಹೆಸರು ಕೇಳಿದರೆ ಬಿಳಿ ಗಡ್ಡದ ಯಾವನೋ ಜರ್ಮನ್ ಪ್ರೊಫೆಸರ್ ಇರಬೇಕು ಅನ್ನಿಸುತ್ತದೆ. ಅಸಲಿಗೆ ಆತ ಅಮೆರಿಕದ ಮಿನ್ನೆಸೋಟದ ರೈತರ ಮನೆಯ ಹುಡುಗ. ಆ ಪ್ರಬಂಧ ಬರೆದಾಗ 26 ವರ್ಷ, ಅಂದರೆ ಈಗಿನ ನನ್ನ ವಯಸ್ಸಿಗಿಂತಲೂ ಕಡಿಮೆ. ಅದು ಅಚ್ಚಾಗಿ ಬರುವ ಹೊತ್ತಿಗೆ ಆತ ಬದುಕಿರಲಿಲ್ಲ. ಇನ್ನೊಂದು ವಿಷಯ, ಆ ಪ್ರಬಂಧದಲ್ಲಿ "ಹತ್ತು ಪರ್ಸೆಂಟ್ ನಿಯಮ" ಅನ್ನುವುದು ಎಲ್ಲೂ ಇಲ್ಲ! ಈ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ, ಇವತ್ತು ಕೂತಿದ್ದೇನೆ.

ಕಥೆ ಶುರುವಾಗುವುದು ಕೆರೆಯಲ್ಲಲ್ಲ, ಹಿಮದಲ್ಲಿ. 1921ರಲ್ಲಿ ಆಕ್ಸ್‌ಫರ್ಡಿನ ಒಂದು ತಂಡ ಉತ್ತರ ಧ್ರುವದ ಹತ್ತಿರದ ಸ್ಪಿಟ್ಸ್‌ಬರ್ಗನ್ ದ್ವೀಪಗಳಿಗೆ ಹೋಯಿತು. ಅದರಲ್ಲಿ ಚಾರ್ಲ್ಸ್ ಎಲ್ಟನ್ ಅನ್ನುವ 21 ವರ್ಷದ ವಿದ್ಯಾರ್ಥಿ ಇದ್ದ. ನಮ್ಮ ಪಶ್ಚಿಮ ಘಟ್ಟದಲ್ಲಿ ನಿಂತುಕೊಂಡು ಯಾವುದು ಯಾವುದನ್ನು ತಿನ್ನುತ್ತದೆ ಅಂತ ಪಟ್ಟಿ ಮಾಡಲು ಹೊರಟರೆ ಒಂದು ಜನ್ಮ ಸಾಲದು. ಆದರೆ ಅಲ್ಲಿ ಮರಗಳೇ ಇಲ್ಲ, ಪ್ರಾಣಿಗಳ ಜಾತಿಗಳೂ ಬೆರಳೆಣಿಕೆ. ಹಾಗಾಗಿ ನರಿ ಯಾವ ಹಕ್ಕಿ ತಿನ್ನುತ್ತದೆ, ಆ ಹಕ್ಕಿ ಏನು ತಿನ್ನುತ್ತದೆ, ಚಳಿಗಾಲದಲ್ಲಿ ಹಿಮಕರಡಿ ಬಿಟ್ಟುಹೋದ ಸೀಲ್ ಮಾಂಸ ಯಾರ ಪಾಲಾಗುತ್ತದೆ ಅಂತೆಲ್ಲ ಗೆರೆ ಎಳೆದು ಒಂದೇ ಹಾಳೆಯಲ್ಲಿ ತೋರಿಸಲು ಸಾಧ್ಯವಾಯಿತು. ಅಲ್ಲಿನ ಬೇರ್ ದ್ವೀಪದ ಆ ಚಿತ್ರವನ್ನು ಎಲ್ಟನ್ ಮತ್ತು ಸಸ್ಯಶಾಸ್ತ್ರಜ್ಞ ಸಮ್ಮರ್‌ಹೇಸ್ 1923ರಲ್ಲಿ ಪ್ರಕಟಿಸಿದರು. ಇವತ್ತಿನ ಆಹಾರ ಜಾಲದ ಚಿತ್ರಗಳೆಲ್ಲ ಅದರ ಮೊಮ್ಮಕ್ಕಳು.

1927ರಲ್ಲಿ ಎಲ್ಟನ್ "ಅನಿಮಲ್ ಎಕಾಲಜಿ" ಅನ್ನುವ ಪುಸ್ತಕ ಬರೆದ, ಸುಮಾರು ಮೂರು ತಿಂಗಳಲ್ಲಿ! ಅದರಲ್ಲಿ ಒಂದು ಸಾಮಾನ್ಯ ಪ್ರಶ್ನೆ ಇದೆ. ಸಣ್ಣ ಪ್ರಾಣಿಗಳು ಲೆಕ್ಕವಿಲ್ಲದಷ್ಟು, ದೊಡ್ಡವು ಬಹಳ ಕಡಿಮೆ, ಯಾಕೆ? ಹುಲಿ ಯಾಕೆ ಇಲಿಯಷ್ಟು ಇಲ್ಲ? ಚಿಕ್ಕವು ಬೇಗ ಮರಿ ಹಾಕುತ್ತವೆ, ದೊಡ್ಡವು ಅವುಗಳನ್ನು ತಿಂದು ಬದುಕುತ್ತವೆ, ಪ್ರತಿ ಮೆಟ್ಟಿಲಿನಲ್ಲೂ ಸಂಖ್ಯೆ ಕುಗ್ಗುತ್ತದೆ ಅಂತ ಆತ ವಿವರಿಸಿದ. "ಸಂಖ್ಯೆಗಳ ಪಿರಮಿಡ್" ಹುಟ್ಟಿದ್ದು ಹೀಗೆ.

ಆದರೆ ತಲೆ ಎಣಿಸುವುದರಲ್ಲಿ ಒಂದು ತೊಂದರೆ ಇದೆ. ಒಂದು ಮಾವಿನ ಮರ ತೆಗೆದುಕೊಳ್ಳಿ. ಮರ ಒಂದು, ಅದನ್ನು ತಿನ್ನುವ ಹುಳುಗಳು ಲಕ್ಷ. ಪಿರಮಿಡ್ ತಲೆಕೆಳಗು! ಆನೆ ಒಂದು, ಅದರ ಮೈಮೇಲಿನ ಉಣ್ಣೆಗಳು ನೂರಾರು, ಇಲ್ಲೂ ತಲೆಕೆಳಗು. ಮಾವಿನ ಮರವನ್ನೂ ಹುಳುವನ್ನೂ "ತಲಾ ಒಂದು" ಅಂತ ಎಣಿಸಿದರೆ ಎಕ್ಸೆಲ್ ಶೀಟಿನಲ್ಲಿ ಒಂದು ಕಾಲಂನಲ್ಲಿ ರೂಪಾಯಿ, ಇನ್ನೊಂದರಲ್ಲಿ ಕಿಲೋ ಹಾಕಿ ಕೂಡಿಸಿದ ಹಾಗೆ. ಎಲ್ಲರಿಗೂ ಒಂದೇ ಯೂನಿಟ್ ಬೇಕು.

ಅದೇ ವರ್ಷಗಳಲ್ಲಿ ಗಣಿತದವರು ಬೇರೆ ದಾರಿಯಿಂದ ಬಂದರು. ಇಟಲಿಯ ವಿಟೋ ವೋಲ್ಟೆರಾಗೆ ಅಳಿಯನಾಗಲಿದ್ದ ಡಂಕೋನಾ ಏಡ್ರಿಯಾಟಿಕ್ ಸಮುದ್ರದ ಮೀನು ಮಾರುಕಟ್ಟೆಗಳ ಲೆಕ್ಕ ತಂದುಕೊಟ್ಟ. ಮೊದಲ ಮಹಾಯುದ್ಧದಲ್ಲಿ ಮೀನುಗಾರಿಕೆ ಕಡಿಮೆಯಾದಾಗ ಶಾರ್ಕಿನಂಥ ಬೇಟೆಗಾರ ಮೀನುಗಳ ಪಾಲು ಹೆಚ್ಚಾಗಿತ್ತು, ಯಾಕೆ ಅನ್ನುವುದು ಪ್ರಶ್ನೆ. 1926ರಲ್ಲಿ ವೋಲ್ಟೆರಾ ಸಮೀಕರಣ ಬರೆದ. ಅದೇ ಸಮೀಕರಣವನ್ನು ಆಲ್ಫ್ರೆಡ್ ಲೋಟ್ಕಾ 1925ರ ಪುಸ್ತಕದಲ್ಲಿ ಬರೆದಾಗಿತ್ತು (ಈತ ನ್ಯೂಯಾರ್ಕಿನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಲೆಕ್ಕದ ಕೆಲಸ ಮಾಡುತ್ತಿದ್ದವನು). ಬೇಟೆ ಹೆಚ್ಚಾದರೆ ಬೇಟೆಗಾರ ಹೆಚ್ಚು, ಬೇಟೆಗಾರ ಹೆಚ್ಚಾದರೆ ಬೇಟೆ ಕಡಿಮೆ, ಮತ್ತೆ ಬೇಟೆಗಾರ ಕಡಿಮೆ.. ಹೀಗೆ ಉಯ್ಯಾಲೆ. ಇದು ಎರಡು ಜಾತಿಗಳ ಜನಸಂಖ್ಯೆಯ ಕಥೆ. ಇಡೀ ಕಾಡು, ಇಡೀ ಕೆರೆಯ ಲೆಕ್ಕ ಇನ್ನೂ ಯಾರೂ ಹಾಕಿರಲಿಲ್ಲ.

ಇನ್ನು "ಇಕೋಸಿಸ್ಟಂ" ಪದ. ಆಗ ಅಮೆರಿಕದಲ್ಲಿ ಕ್ಲೆಮೆಂಟ್ಸ್ ಅನ್ನುವ ದೊಡ್ಡ ಸಸ್ಯವಿಜ್ಞಾನಿ ಇದ್ದ. ಒಂದು ಕಾಡು ಅಂದರೆ ಒಂದು ಜೀವಿ ಇದ್ದಂತೆ, ಹುಟ್ಟುತ್ತದೆ, ಬೆಳೆಯುತ್ತದೆ, ಪ್ರೌಢವಾಗುತ್ತದೆ ಅನ್ನುವುದು ಆತನ ವಾದ. ಶಿಷ್ಯಕೋಟಿ ಬೇರೆ. ಇಂಗ್ಲೆಂಡಿನ ಆರ್ಥರ್ ಟ್ಯಾನ್ಸ್‌ಲಿಗೆ ಇದು ಮೈ ಉರಿಸುತ್ತಿತ್ತು. (ಟ್ಯಾನ್ಸ್‌ಲಿಯದೂ ವಿಚಿತ್ರ ಜೀವನ, ಸಸ್ಯವಿಜ್ಞಾನ ಬಿಟ್ಟು ವಿಯೆನ್ನಾಗೆ ಹೋಗಿ ಸ್ವಲ್ಪ ದಿನ ಫ್ರಾಯ್ಡ್ ಹತ್ತಿರ ಮನಶ್ಶಾಸ್ತ್ರ ಕಲಿತು ಬಂದವನು. ಅದು ಇನ್ನೊಂದು ಪೋಸ್ಟಿಗಾಗುವಷ್ಟಿದೆ.) 1935ರಲ್ಲಿ "ಎಕಾಲಜಿ" ಅನ್ನುವ ಪತ್ರಿಕೆಯಲ್ಲಿ ಟ್ಯಾನ್ಸ್‌ಲಿ ಒಂದು ಖಾರವಾದ ಲೇಖನ ಬರೆದು, ಈ ಜೀವಿ-ಗೀವಿ ಬಿಡಿ, ಗಿಡ, ಪ್ರಾಣಿ, ಮಣ್ಣು, ನೀರು, ಗಾಳಿ ಎಲ್ಲ ಸೇರಿ ಒಂದು ಸಿಸ್ಟಂ, ಭೌತಶಾಸ್ತ್ರದವರು ಹೇಳುವ ಅರ್ಥದಲ್ಲಿ ಸಿಸ್ಟಂ ಅಂದ. ಪದ ಹೊಳೆದಿದ್ದು ಟ್ಯಾನ್ಸ್‌ಲಿಗಲ್ಲ, ಆತ ಕೇಳಿದ್ದಕ್ಕೆ ಕ್ಲಾಫಮ್ ಅನ್ನುವ ಕಿರಿಯ ಸಹೋದ್ಯೋಗಿ ಸೂಚಿಸಿದ್ದು. ಪದವೇನೋ ಬಂತು. ಸಿಸ್ಟಂ ಅಂದಮೇಲೆ ಇನ್‌ಪುಟ್ ಎಷ್ಟು, ಔಟ್‌ಪುಟ್ ಎಷ್ಟು, ನಡುವೆ ಸೋರುವುದೆಷ್ಟು ಅಂತ ಹೇಳಬೇಕಲ್ಲ? ಟ್ಯಾನ್ಸ್‌ಲಿ ಅದನ್ನು ಅಳೆಯಲು ಹೋಗಲಿಲ್ಲ.

ಈಗ ಬನ್ನಿ ಕೆರೆಗೆ.

ರೇಮಂಡ್ ಲಿಂಡೆಮನ್ ಹುಟ್ಟಿದ್ದು 1915ರಲ್ಲಿ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿದ. ಆತ ಆರಿಸಿಕೊಂಡಿದ್ದು ಮಿನ್ನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದ ಸೀಡರ್ ಬಾಗ್ ಲೇಕ್. ಹೆಸರಿನಲ್ಲಿ ಲೇಕ್ ಇದೆ ಅಂತ ಪೋಸ್ಟ್‌ಕಾರ್ಡಿನ ಸರೋವರ ಕಲ್ಪಿಸಿಕೊಳ್ಳಬೇಡಿ. ಸುಮಾರು ಒಂದು ಮೀಟರ್ ಆಳದ ನೀರು, ಅದರ ಕೆಳಗೆಲ್ಲ ಕೆಸರು. ಸುತ್ತಲಿನಿಂದ ಪಾಚಿ ಮತ್ತು ಗಿಡಗಳು ಒಳಗೊಳಗೇ ನುಗ್ಗುತ್ತಾ ಇನ್ನಷ್ಟು ವರ್ಷಕ್ಕೆ ಮುಚ್ಚಿಹೋಗುವ ಕೆರೆ. "ಮುದಿ ಕೆರೆ" ಅನ್ನುವುದು ಆತನದೇ ವಿಶೇಷಣ. ಚಳಿಗಾಲದಲ್ಲಿ ಮೇಲೆ ಹಿಮ ಕಟ್ಟಿದರೆ ಕೆಳಗೆ ಆಮ್ಲಜನಕ ಮುಗಿದುಹೋಗಿ ಮೀನುಗಳು ಸಾಯುತ್ತಿದ್ದವು. ಇಂಥ ಕಡೆ ಆಮ್ಲಜನಕವಿಲ್ಲದೆ ಯಾವ ಹುಳು ಎಷ್ಟು ದಿನ ಬದುಕುತ್ತದೆ ಅಂತಲೂ ಆತ ಪ್ರಯೋಗ ಮಾಡಿದ.

ದೊಡ್ಡ ಸರೋವರವಾದರೆ ಹಡಗು, ದೊಡ್ಡ ತಂಡ, ಗ್ರ್ಯಾಂಟು ಎಲ್ಲ ಬೇಕು. ಇದಕ್ಕೆ ಒಂದು ದೋಣಿ, ಒಂದು ಬಲೆ, ಇಬ್ಬರು ಜನ ಸಾಕು. ಆ ಇಬ್ಬರು ರೇಮಂಡ್ ಮತ್ತು ಆತನ ಹೆಂಡತಿ ಎಲಿನರ್ ಹಾಲ್ ಲಿಂಡೆಮನ್. ಸುಮಾರು ಐದು ವರ್ಷ ಇಬ್ಬರೂ ಸೇರಿ ಕೆರೆಯ ನೀರು, ಗಿಡ, ತಳದ ಕೆಸರು ಎಲ್ಲವನ್ನೂ ಮಾದರಿ ತೆಗೆದರು. ಪ್ಲಾಂಕ್ಟನ್ ಸೋಸಿದರು, ಕೆಸರು ಜಾಲಾಡಿ ಹುಳುಗಳನ್ನು ಎಣಿಸಿದರು, ತೂಗಿದರು. ಸೀಸನ್ ಸೀಸನ್ನಿಗೂ ಅದೇ ಕೆಲಸ. ಪಾಠಪುಸ್ತಕದಲ್ಲಿ ಎಲಿನರ್ ಹೆಸರು ನಾನಂತೂ ನೋಡಿಲ್ಲ. ಐದು ವರ್ಷ ಕೆಸರಿನಲ್ಲಿ ಕೈ ಹಾಕಿದವರು ಆಕೆಯೂ ಹೌದು.

1941ರಲ್ಲಿ ಥೀಸಿಸ್ ಮುಗಿಯಿತು. ಅಲ್ಲಿಯವರೆಗೆ ಇದು ಒಂದು ಕೆರೆಯ ಜೀವಿಗಳ ಪಟ್ಟಿ, ಬಹಳ ಶ್ರದ್ಧೆಯ ಪಟ್ಟಿ. ಲಿಂಡೆಮನ್ ಇದರ ಮೇಲೆ ಮಾಡಿದ ಕೆಲಸವೇ ಬೇರೆ. ಎಲ್ಲವನ್ನೂ ಆತ ಕ್ಯಾಲರಿಗೆ ಪರಿವರ್ತಿಸಿದ. ಪಾಚಿಯೂ ಕ್ಯಾಲರಿ, ಹುಳುವೂ ಕ್ಯಾಲರಿ, ಮೀನೂ ಕ್ಯಾಲರಿ. ಯೂನಿಟ್ ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ಎಲ್ಟನ್ನನ ಪಿರಮಿಡ್ಡಿನಲ್ಲಿ ತಲೆಕೆಳಗಾಗುತ್ತಿದ್ದ ಮಾವಿನ ಮರ ಕ್ಯಾಲರಿ ಲೆಕ್ಕದಲ್ಲಿ ತಲೆಕೆಳಗಾಗಲು ಸಾಧ್ಯವೇ ಇಲ್ಲ, ಯಾಕೆಂದರೆ ಒಂದು ವರ್ಷದಲ್ಲಿ ಹುಳುಗಳೆಲ್ಲ ಸೇರಿ ಪಡೆಯುವ ಶಕ್ತಿ ಮರ ಆ ಎಲೆಗಳಲ್ಲಿ ಕೂಡಿಸಿಟ್ಟ ಶಕ್ತಿಗಿಂತ ಹೆಚ್ಚಾಗಲಾರದು. ಇಲ್ಲಿ ಥರ್ಮೊಡೈನಾಮಿಕ್ಸ್ ಬರುತ್ತದೆ. ಮೆಕ್ಯಾನಿಕಲ್ ಗೆಳೆಯರು ಖುಷಿಪಡಲಿ :) ಇಂಜಿನ್ನಿಗೆ ಹಾಕಿದ ಪೆಟ್ರೋಲೆಲ್ಲ ಚಕ್ರ ತಿರುಗಿಸುವುದಿಲ್ಲ, ಬಹುಪಾಲು ಬಿಸಿಯಾಗಿ ಹೋಗುತ್ತದೆ. ಜಿಂಕೆ ತಿಂದ ಹುಲ್ಲಿನಲ್ಲಿ ಅರಗದೆ ಹೊರಬೀಳುವುದು ಒಂದಷ್ಟು. ಅರಗಿದ್ದರಲ್ಲಿ ಉಸಿರಾಡಲು, ಓಡಲು, ಮೈ ಬಿಸಿ ಇಟ್ಟುಕೊಳ್ಳಲು ಸುಟ್ಟುಹೋಗುವುದು ಬಹುಪಾಲು. ಮೈಗೆ ಮಾಂಸವಾಗಿ ಉಳಿಯುವುದು ಅಷ್ಟಿಷ್ಟು, ಹುಲಿಗೆ ಸಿಗುವುದು ಅದರಲ್ಲೇ. ಗೊಬ್ಬರ, ಸಾರಜನಕ, ರಂಜಕ ಇವೆಲ್ಲ ಕೆರೆಯೊಳಗೆ ಸುತ್ತುಹಾಕುತ್ತಲೇ ಇರಬಹುದು. ಶಕ್ತಿ ಮಾತ್ರ ಒಂದೇ ದಿಕ್ಕಿಗೆ ಹರಿದು ಬಿಸಿಯಾಗಿ ಹೊರಟುಹೋಗುತ್ತದೆ, ಸೂರ್ಯ ದಿನಾ ಹೊಸದಾಗಿ ಕೊಡಬೇಕು.

ಆತನ ಅಂಕಿಗಳನ್ನೇ ನೋಡಿ. ಕೆರೆಯ ಮೇಲೆ ಒಂದು ಚದರ ಸೆಂಟಿಮೀಟರ್, ಅಂದರೆ ಬೆರಳಿನ ಉಗುರಿನಷ್ಟು ಜಾಗದಲ್ಲಿ, ವರ್ಷಕ್ಕೆ ಬೀಳುವ ಬಿಸಿಲು 118,872 ಕ್ಯಾಲರಿ (ಡಯಟ್ ಮಾಡುವವರ ದೊಡ್ಡ ಕ್ಯಾಲರಿ ಅಲ್ಲ, ಸಣ್ಣದು). ಅದರಲ್ಲಿ ಗಿಡ ಮತ್ತು ಪಾಚಿ ಹಿಡಿದಿಟ್ಟಿದ್ದು 111.3, ಸಾವಿರಕ್ಕೆ ಒಂದು. ಅದನ್ನು ತಿನ್ನುವ ಪ್ರಾಣಿಗಳಿಗೆ ಬಂದಿದ್ದು 14.8. ಅವನ್ನು ತಿನ್ನುವ ಪ್ರಾಣಿಗಳಿಗೆ 3.1. ಮುಗಿಯಿತು, ಅದರ ಮೇಲೆ ಇನ್ನೊಂದು ಮೆಟ್ಟಿಲು ಕಟ್ಟಲು ಆ ಕೆರೆಯಲ್ಲಿ ಬಂಡವಾಳವಿಲ್ಲ. ಹುಲಿ ಯಾಕೆ ಇಲಿಯಷ್ಟು ಇಲ್ಲ ಅನ್ನುವ ಎಲ್ಟನ್ನನ ಪ್ರಶ್ನೆಗೆ ಇಲ್ಲಿ ಉತ್ತರವೂ ಇದೆ, ಉತ್ತರಕ್ಕೆ ಯೂನಿಟ್ಟೂ ಇದೆ.

ಆದರೆ ಪರ್ಸೆಂಟ್ ಎಷ್ಟು? 111.3ರಿಂದ 14.8ಕ್ಕೆ ಅಂದರೆ 13.3. ಮುಂದಿನ ಮೆಟ್ಟಿಲಿಗೆ ಸುಮಾರು ಐದರಲ್ಲಿ ಒಂದು ಪಾಲು. ಹೋಲಿಕೆಗೆ ಆತ ವಿಸ್ಕಾನ್ಸಿನ್ನಿನ ಮೆಂಡೋಟಾ ಸರೋವರದ ಲೆಕ್ಕವನ್ನೂ ತೆಗೆದುಕೊಂಡ. ಅಲ್ಲಿ 8.7, ಆಮೇಲೆ 5.5, ಆಮೇಲೆ 13. ಎಲ್ಲಿದೆ ಹತ್ತು? ಅಷ್ಟೇ ಅಲ್ಲ, ಮೇಲಿನ ಮೆಟ್ಟಿಲಿನ ಪ್ರಾಣಿಗಳು ಆಹಾರವನ್ನು ಕೆಳಗಿನವಕ್ಕಿಂತ ಹೆಚ್ಚು ದಕ್ಷತೆಯಿಂದ ಬಳಸುತ್ತವೆ, ಅಂದರೆ ಪರ್ಸೆಂಟ್ ಏರುತ್ತಾ ಹೋಗುತ್ತದೆ ಅಂತ ಆತನ ಊಹೆ. ಆ ಊಹೆಯನ್ನು ಮುಂದಿನ ಅಳತೆಗಳು ಎತ್ತಿಹಿಡಿಯಲಿಲ್ಲ. ಸ್ಥಿರವಾದ ಹತ್ತು ಅನ್ನುವುದಕ್ಕೆ ಪೂರ್ತಿ ವಿರುದ್ಧವಾದ ಮಾತನ್ನು ಹೇಳಿದವನ ಹೆಸರನ್ನೇ ಹತ್ತರ ನಿಯಮಕ್ಕೆ ಅಂಟಿಸಿದ್ದು ಮಾತ್ರ ತಮಾಷೆಯಾಗಿದೆ.

ಪಿಎಚ್‌ಡಿ ಮುಗಿದ ಮೇಲೆ ಲಿಂಡೆಮನ್ ಒಂದು ವರ್ಷದ ಫೆಲೋಶಿಪ್ ಮೇಲೆ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿದ್ದವರು ಎವೆಲಿನ್ ಹಚಿನ್ಸನ್. ಇವರಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. 1932ರಲ್ಲಿ ಯೇಲ್ ತಂಡದ ಜೊತೆ ಲಡಾಖಿಗೆ ಬಂದು ಅಲ್ಲಿನ ಎತ್ತರದ ಸರೋವರಗಳನ್ನು ಅಧ್ಯಯನ ಮಾಡಿ ಹೋದವರು. ಸ್ವತಃ ಪಿಎಚ್‌ಡಿ ಮಾಡದೆ ಒಂದು ತಲೆಮಾರಿನ ಪಿಎಚ್‌ಡಿಗಳನ್ನು ತಯಾರು ಮಾಡಿದ ಮನುಷ್ಯ. ಹಚಿನ್ಸನ್ ಜೊತೆ ಚರ್ಚಿಸಿ ಲಿಂಡೆಮನ್ ತನ್ನ ಥೀಸಿಸ್ಸಿನ ಕೊನೆಯ ಅಧ್ಯಾಯವನ್ನು ತಿದ್ದಿ ತೀಡಿ "ದ ಟ್ರೋಫಿಕ್-ಡೈನಾಮಿಕ್ ಆಸ್ಪೆಕ್ಟ್ ಆಫ್ ಎಕಾಲಜಿ" ಅನ್ನುವ ಹೆಸರು ಕೊಟ್ಟು, 1941ರಲ್ಲಿ "ಎಕಾಲಜಿ" ಪತ್ರಿಕೆಗೆ ಕಳಿಸಿದ. ಟ್ಯಾನ್ಸ್‌ಲಿ ಬರೆದಿದ್ದ ಅದೇ ಪತ್ರಿಕೆ.

ಸಂಪಾದಕ ಥಾಮಸ್ ಪಾರ್ಕ್ ಅದನ್ನು ಇಬ್ಬರು ಘಟಾನುಘಟಿ ಸರೋವರ ವಿಜ್ಞಾನಿಗಳಿಗೆ ರಿವ್ಯೂಗೆ ಕೊಟ್ಟರು. ವಿಸ್ಕಾನ್ಸಿನ್ನಿನ ಚಾನ್ಸಿ ಜೂಡೆ, ಮಿಶಿಗನ್ನಿನ ಪಾಲ್ ವೆಲ್ಚ್. ಇಬ್ಬರೂ ಬೇಡ ಅಂದರು. ಒಂದು ಸಣ್ಣ ಕೆರೆಯ ಮಾಹಿತಿ ಇಟ್ಟುಕೊಂಡು ಇಷ್ಟು ದೊಡ್ಡ ಸಿದ್ಧಾಂತ ಕಟ್ಟುವುದೇ? ಮೊದಲು ಇನ್ನೂ ಹತ್ತಾರು ಕೆರೆ ಅಳೆಯಲಿ, ಸಿದ್ಧಾಂತ ಆಮೇಲೆ, ಅನ್ನುವ ಧಾಟಿ. ಮೇಲೆ ಹೇಳಿದ ಮೆಂಡೋಟಾ ಸರೋವರದ ಲೆಕ್ಕ ಇತ್ತಲ್ಲ, ಅದು ಇದೇ ಜೂಡೆಯವರದು! 1940ರಲ್ಲಿ ಅವರೇ ಪ್ರಕಟಿಸಿದ್ದು. ವರ್ಷಾನುಗಟ್ಟಲೆ ಅಳೆದು ತೂಗಿ ತಾವು ಕೂಡಿಸಿದ್ದ ಅಂಕಿಗಳನ್ನು 26ರ ಹುಡುಗನೊಬ್ಬ ಎತ್ತಿಕೊಂಡು ತಾವು ಕೇಳದ ಪ್ರಶ್ನೆ ಕೇಳಿದ್ದನ್ನು ಅವರು ಓದಿದರು. ಓದಿ ತಿರಸ್ಕರಿಸಿದರು.

ಕೋಡ್ ರಿವ್ಯೂನಲ್ಲಿ ಸೀನಿಯರ್ ಕೈಲಿ ಉಗಿಸಿಕೊಂಡ ನನ್ನಂಥವರಿಗೆ ಇಲ್ಲಿ ಲಿಂಡೆಮನ್ ಪಾರ್ಟಿ ಸೇರುವುದು ಸುಲಭ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಆ ಇಬ್ಬರೂ ದಡ್ಡರಲ್ಲ. ಲಿಂಡೆಮನ್ನನ ಅಂಕಿಗಳು ನಿಜಕ್ಕೂ ತೆಳ್ಳಗಿದ್ದವು. ಯಾವ ಪ್ರಾಣಿ ಉಸಿರಾಟದಲ್ಲಿ ಎಷ್ಟು ಕಳೆದುಕೊಳ್ಳುತ್ತದೆ ಅನ್ನುವುದನ್ನು ಆತ ತನ್ನ ಕೆರೆಯಲ್ಲಿ ಅಳೆದಿರಲಿಲ್ಲ, ಬೇರೆಯವರ ಪ್ರಯೋಗಗಳಿಂದ ತಂದು ಹಾಕಿದ ಅಂದಾಜು. ಆ ಅಂದಾಜು ಸ್ವಲ್ಪ ಆಚೀಚೆಯಾದರೂ ಪರ್ಸೆಂಟ್ ಬದಲಾಗುತ್ತದೆ. ವಿಮರ್ಶಕರು ಅಂಕಿಗಳನ್ನು ನೋಡಿ ಬೇಡ ಅಂದರು. ಹಚಿನ್ಸನ್ ನೋಡಿದ್ದು ಅಂಕಿಗಳ ಹಿಂದಿನ ಪ್ರಶ್ನೆಯನ್ನು. ನನ್ನ ಮಟ್ಟಿಗೆ ಅವತ್ತಿನ ಮಾಹಿತಿ ಇಟ್ಟುಕೊಂಡು ನೋಡಿದರೆ ಎರಡು ಕಡೆಯವರೂ ಸರಿ. ಆದರೆ ಹತ್ತಾರು ಕೆರೆ ಅಳೆಯಲಿ ಅನ್ನುವವರು, ಏನನ್ನು ಅಳೆಯಬೇಕು ಅಂತ ಮೊದಲು ಯಾರಾದರೂ ಹೇಳಬೇಕಾಗುತ್ತದೆ ಅನ್ನುವುದನ್ನು ಮರೆತಿದ್ದರು.

ಹಚಿನ್ಸನ್ ಸುಮ್ಮನಿರಲಿಲ್ಲ. ಪಾರ್ಕ್ ಅವರಿಗೆ ದೀರ್ಘವಾದ ಪತ್ರ ಬರೆದು ಪ್ರಬಂಧದ ಪರ ವಾದಿಸಿದರು. ಲಿಂಡೆಮನ್ ತಿದ್ದಿ ಮತ್ತೆ ಕಳಿಸಿದ. ಪಾರ್ಕ್ ಆಗ ಒಂದು ಧೈರ್ಯ ಮಾಡಿದರು. ಇಬ್ಬರು ವಿಮರ್ಶಕರೂ ಬೇಡ ಅಂದಿದ್ದನ್ನು, ಇದರ ಸರಿ-ತಪ್ಪನ್ನು ಕಾಲವೇ ಹೇಳಲಿ ಅನ್ನುವ ಅರ್ಥದ ಮಾತು ಬರೆದು ಒಪ್ಪಿಕೊಂಡರು. ಇದು 1942ರ ಮೊದಲ ತಿಂಗಳುಗಳಲ್ಲಿ.

ಲಿಂಡೆಮನ್ನನಿಗೆ ಅಷ್ಟರಲ್ಲಿ ಯಕೃತ್ತಿನ ಕಾಯಿಲೆ ಜೋರಾಗಿತ್ತು. ಅಪರೂಪದ ಬಗೆಯ ಹೆಪಟೈಟಿಸ್. 1942ರ ಜೂನ್ 29ರಂದು ತೀರಿಕೊಂಡ. 27 ತುಂಬಲು ಒಂದು ತಿಂಗಳೂ ಇರಲಿಲ್ಲ. ಪ್ರಬಂಧ ಒಪ್ಪಿಗೆಯಾಗಿದ್ದು ಆತನಿಗೆ ಗೊತ್ತಿತ್ತು, ಅಚ್ಚಿನಲ್ಲಿ ನೋಡಲಿಲ್ಲ. ಅದು ಬಂದಿದ್ದು ಅಕ್ಟೋಬರ್ ಸಂಚಿಕೆಯಲ್ಲಿ, ಕೊನೆಯಲ್ಲಿ ಹಚಿನ್ಸನ್ ಬರೆದ ಒಂದು ಸಣ್ಣ ಟಿಪ್ಪಣಿಯ ಜೊತೆ. ಆತ ಬರೆದು ಮುಗಿಸಿದ ಆರನೆಯ ಪ್ರಬಂಧ ಅದು. ಈ ತಿರಸ್ಕಾರ, ಪತ್ರ ಇತ್ಯಾದಿ ಹಿಂದಿನ ಕಥೆ ಹೊರಬಂದಿದ್ದು ಬಹಳ ತಡವಾಗಿ, 1977ರಲ್ಲಿ ರಾಬರ್ಟ್ ಕುಕ್ "ಸೈನ್ಸ್" ಪತ್ರಿಕೆಯಲ್ಲಿ ಬರೆದಾಗ.

ಹಾಗಾದರೆ ಈ ಹತ್ತು ಎಲ್ಲಿಂದ ಬಂತು? ಹಚಿನ್ಸನ್ನರ ಇನ್ನೊಬ್ಬ ಶಿಷ್ಯ ಲಾರೆನ್ಸ್ ಸ್ಲೊಬಾಡ್ಕಿನ್ 1950ರ ದಶಕದ ಕೊನೆಗೆ ಪ್ರಯೋಗಾಲಯದಲ್ಲಿ ಡಾಫ್ನಿಯಾ ಅನ್ನುವ ನೀರು ಚಿಗಟಗಳಿಗೆ ಪಾಚಿ ತಿನ್ನಿಸಿ, ಎಷ್ಟು ಕ್ಯಾಲರಿ ಹಾಕಿದರೆ ಎಷ್ಟು ಕ್ಯಾಲರಿ ಚಿಗಟ ತೆಗೆಯಬಹುದು ಅಂತ ಲೆಕ್ಕ ಹಾಕಿದ. ಇಂಥ ಅಳತೆಗಳೆಲ್ಲ ಸುಮಾರಾಗಿ 5 ಮತ್ತು 20ರ ನಡುವೆ ಬೀಳುತ್ತಿದ್ದವು, ನಡುವಿನ ಗುಂಡು ಅಂಕಿ ಹತ್ತು. ಪಾಠಪುಸ್ತಕಕ್ಕೆ ಇಷ್ಟು ಸಾಕಲ್ಲ! 1972ರಲ್ಲಿ ಸ್ವತಃ ಸ್ಲೊಬಾಡ್ಕಿನ್ ಇದು ಸ್ಥಿರಾಂಕವಲ್ಲ ಅಂತ ಪ್ರಬಂಧ ಬರೆದ. 1995ರಲ್ಲಿ ಪೌಲಿ ಮತ್ತು ಕ್ರಿಸ್ಟೆನ್ಸನ್ ಸಮುದ್ರ-ಸರೋವರಗಳ 48 ಮಾದರಿಗಳನ್ನು ಒಟ್ಟು ಹಾಕಿ ಸರಾಸರಿ ತೆಗೆದಾಗ 10.1 ಬಂತು. ಸರಾಸರಿಯಾಗಿ ಹತ್ತು ಪರವಾಗಿಲ್ಲ ಅನ್ನಿ. ಆದರೆ ಮನುಷ್ಯರ ಸರಾಸರಿ ಎತ್ತರ ಐದೂವರೆ ಅಡಿ ಅಂತ ಎಲ್ಲರಿಗೂ ಒಂದೇ ಅಳತೆಯ ಪ್ಯಾಂಟು ಹೊಲಿಸುವುದಿಲ್ಲವಲ್ಲ.

ಹುಲಿಯ ವಿಷಯ ಬಂದಾಗ ಇನ್ನೊಂದು ಹತ್ತು ಪರ್ಸೆಂಟ್ ಕೇಳಿಬರುತ್ತದೆ, ಎರಡನ್ನೂ ಕಲಸಬೇಡಿ. ನಾಗರಹೊಳೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಉಲ್ಲಾಸ ಕಾರಂತರು (ಶಿವರಾಮ ಕಾರಂತರ ಮಗ) ಹೇಳುವ ಲೆಕ್ಕದಲ್ಲಿ ಒಂದು ಹುಲಿ ವರ್ಷಕ್ಕೆ ಸುಮಾರು 50 ಬೇಟೆ ಪ್ರಾಣಿ ಕೊಲ್ಲುತ್ತದೆ. ಹುಲಿಗಳು ತೆಗೆಯುವುದು ಬೇಟೆ ಪ್ರಾಣಿಗಳ ಸಂಖ್ಯೆಯಲ್ಲಿ ವರ್ಷಕ್ಕೆ ಸುಮಾರು ಹತ್ತು ಪರ್ಸೆಂಟ್. ಹಾಗಾಗಿ ಒಂದು ಹುಲಿಗೆ ಹಿನ್ನೆಲೆಯಲ್ಲಿ ಸುಮಾರು 500 ಜಿಂಕೆ, ಕಡವೆ, ಕಾಟಿ, ಹಂದಿ ಇರಬೇಕು. 2004ರಲ್ಲಿ ಅವರ ತಂಡ ಇದನ್ನು ಭಾರತದ ಬೇರೆ ಬೇರೆ ಕಾಡುಗಳ ಎಣಿಕೆಯ ಜೊತೆ ತಾಳೆ ನೋಡಿ ಪ್ರಕಟಿಸಿತು. ಇದು ತಲೆಗಳ ಲೆಕ್ಕ, ಲಿಂಡೆಮನ್ನನದು ಕ್ಯಾಲರಿ ಲೆಕ್ಕ. ಅಂಕಿ ಒಂದೇ ಆಗಿದ್ದು ಕಾಕತಾಳೀಯ. ಆದರೆ ಪ್ರಶ್ನೆ ಎಲ್ಟನ್ ಕೇಳಿದ್ದೇ. ಜಿಂಕೆ ಖಾಲಿಯಾದ ಕಾಡಿಗೆ ಎಷ್ಟೇ ಗಾರ್ಡುಗಳನ್ನು ಹಾಕಿದರೂ ಹುಲಿ ನಿಲ್ಲದು ಅನ್ನುವುದು ಈ ಲೆಕ್ಕದಿಂದ ನೇರವಾಗಿ ಬರುತ್ತದೆ.

ಕೊನೆಯದಾಗಿ ಕೆಸರಿನ ಬಗ್ಗೆ. ಲಿಂಡೆಮನ್ನನ ಪ್ರಬಂಧದಲ್ಲಿ ಒಂದು ಚಿತ್ರವಿದೆ, ಕೆರೆಯ ಆಹಾರ ಚಕ್ರದ್ದು. ನಮ್ಮ ಪುಸ್ತಕದ ಪಿರಮಿಡ್ ಅಲ್ಲ ಅದು. ಸುತ್ತ ಪಾಚಿ, ಗಿಡ, ಹುಳು, ಮೀನು, ನಡುಮಧ್ಯದಲ್ಲಿ ತಳದ ಕೆಸರು. ಸತ್ತಿದ್ದೆಲ್ಲ ಅಲ್ಲಿಗೆ ಬರುತ್ತದೆ, ಬ್ಯಾಕ್ಟೀರಿಯಾಗಳ ಮೂಲಕ ಅಲ್ಲಿಂದ ಮತ್ತೆ ಹೊರಡುತ್ತದೆ, ಎಲ್ಲ ಬಾಣಗಳೂ ಒಂದಲ್ಲ ಒಂದು ಸುತ್ತಿನಲ್ಲಿ ಅದನ್ನು ಹಾದೇ ಹೋಗುತ್ತವೆ. ಐದು ವರ್ಷ ಅದರಲ್ಲೇ ಕೈ ಆಡಿಸಿದವನಿಗೆ ಅದು ಎದ್ದು ಕಂಡಿತ್ತು. ಪಾಠಪುಸ್ತಕಗಳು ಹುಲ್ಲು-ಜಿಂಕೆ-ಹುಲಿ ಮೆಟ್ಟಿಲನ್ನು ಇಟ್ಟುಕೊಂಡು ಕೆಸರನ್ನು ಪಕ್ಕಕ್ಕೆ ಸರಿಸಿದವು, "ವಿಘಟಕಗಳು" ಅಂತ ಮೂಲೆಯಲ್ಲೊಂದು ಡಬ್ಬಿ. 1974ರಲ್ಲಿ ಲಾರೆನ್ಸ್ ಪೊಮೆರಾಯ್, 1983ರಲ್ಲಿ ಫಾರೂಕ್ ಆಝಮ್ ಮತ್ತು ಸಂಗಡಿಗರು ಸಮುದ್ರದ ನೀರಿನಲ್ಲಿ ಶಕ್ತಿಯ ದೊಡ್ಡ ಪಾಲು ಬ್ಯಾಕ್ಟೀರಿಯಾಗಳ ಮೂಲಕವೇ ಹರಿಯುತ್ತದೆ ಅಂತ ತೋರಿಸಿಕೊಟ್ಟ ಮೇಲೆ ಆ ಡಬ್ಬಿ ಮತ್ತೆ ಮಧ್ಯಕ್ಕೆ ಬಂತು. ಪ್ರಬಂಧ ನೆಟ್‌ನಲ್ಲಿ ಹುಡುಕಿದರೆ ಸಿಗುತ್ತದೆ, ಹತ್ತೊಂಬತ್ತು ಪುಟ. ಆ ಚಿತ್ರ ಶುರುವಿನ ಪುಟಗಳಲ್ಲೇ ಇದೆ, ನೋಡಿ.